ವಾಟ್ಸ್ಆ್ಯಪ್ ಗ್ರೂಪ್: ಮದುವೆಗೆ ಐದು ಸ್ಟಾರ್, ಚುನಾವಣೆಗೆ ಎರಡು

ಫೋಟೊ, ಲಗ್ನಪತ್ರಿಕೆ, ಲೊಕೇಶನ್ ಕಳಿಸಲು ಇದಕ್ಕಿಂತ ಸುಲಭದ ಆ್ಯಪ್ ಇಲ್ಲ. ಅದರಲ್ಲಿ ತಕರಾರಿಲ್ಲ. ಚುನಾವಣೆ ಬಂದಾಗ ಮಾತ್ರ ಬೇರೆ ಕಥೆ.

2023ರ ಏಪ್ರಿಲ್ ನೆನಪಿದೆ ಅಲ್ವಾ? ಗದಗ ಜಿಲ್ಲೆಯ ಸಭೆಯಲ್ಲಿ ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆಯವರು ಮೋದಿಯವರನ್ನು ವಿಷದ ಹಾವಿಗೆ ಹೋಲಿಸಿದರು, ಆಮೇಲೆ ನಾನು ಹೇಳಿದ್ದು ಬಿಜೆಪಿ ಸಿದ್ಧಾಂತದ ಬಗ್ಗೆ ಎಂದು ವಿಷಾದವನ್ನೂ ಹೇಳಿದರು. ಅದರ ಬೆನ್ನಲ್ಲೇ ಆಗ ಬಿಜೆಪಿಯಲ್ಲಿದ್ದ ಯತ್ನಾಳ್ ಅವರು ಕೊಪ್ಪಳದಲ್ಲಿ ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. ನಾಯಕರು ಮುಂದಿನ ಸಭೆಗೆ ಹೊರಟರು. ಬೈಗುಳ ಮಾತ್ರ ಗ್ರೂಪಿನಲ್ಲೇ ಉಳಿಯಿತು, ಅದೂ ನಾಯಕರ ಮೇಲಲ್ಲ, ಅವರಿಗೆ ವೋಟು ಹಾಕುವವರ ಮೇಲೆ. ಭಕ್ತರು, ಗುಲಾಮರು, ಗಂಜಿ ಗಿರಾಕಿಗಳು! ಎದುರಿಗಿರುವವನು ಹಾವು ಎಂದಾದ ಮೇಲೆ ಸಿಲಿಂಡರ್ ಬೆಲೆ, ಗ್ಯಾರಂಟಿ ಯೋಜನೆಯ ಲೆಕ್ಕ ಯಾರು ಕೇಳುತ್ತಾರೆ? ಅತ್ತೆ ಮಗನ ವಾದಕ್ಕೆ ಉತ್ತರ ಕೊಡಬೇಕಿಲ್ಲ, ಸುಮ್ನೆ ಒಂದು ಹಾವಿನ ಮೀಮ್ ಹಾಕಿದರೆ ಸಾಕು.

ಕಂಪನಿ ಏನೂ ಮಾಡಿಲ್ಲ ಎನ್ನಲಾಗದು. 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂದರು, ತುಂಬಾ ಸುತ್ತಿದ ಮೆಸೇಜಿಗೆ 2020ರಲ್ಲಿ ಒಂದೇ ಕಡೆ ಎಂದರು. ಸುಳ್ಳು ಸುದ್ದಿ ಓಡುವ ವೇಗ ಇದರಿಂದ ತಗ್ಗಬಹುದು. ಆದರೆ ಸ್ವಂತ ಬೆರಳಲ್ಲಿ ಟೈಪ್ ಮಾಡಿದ ಬೈಗುಳಕ್ಕೆ ಯಾವ ಮಿತಿ?

ಅಡ್ಮಿನ್ ಆಗಿದ್ದರೆ, ಅಂಥ ಮೆಸೇಜನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯವಿದೆ. ಬಳಸಿ. ಅತ್ತೆ ಮುನಿಸಿಕೊಳ್ಳುತ್ತಾರೆ, ಪರವಾಗಿಲ್ಲ.