ವಿಂಡೋಸ್ 98: ಎಂಟು ವರ್ಷ ಅಂಗಡಿಯಲ್ಲಿ ದುಡಿಸಿದ ಮೇಲೆ

ಬಂದರಿನ ನಮ್ಮ ದಿನಸಿ ಅಂಗಡಿಯಲ್ಲಿ 2000ದಿಂದ 2008ರವರೆಗೆ ಬಿಲ್ಲು ಹಾಕಿದ್ದು ವಿಂಡೋಸ್ 98 ಸೆಕೆಂಡ್ ಎಡಿಷನ್. ಮೈಕ್ರೋಸಾಫ್ಟ್ 2006ರಲ್ಲೇ ಕೈ ಬಿಟ್ಟಿತ್ತು, ನಾವು ಬಿಡಲಿಲ್ಲ.

ಇದು ಡಾಸ್‌ಗೆ (ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ನಡೆಸುವ ಮೈಕ್ರೋಸಾಫ್ಟಿನ ಹಳೇ ವ್ಯವಸ್ಥೆ) ಬಣ್ಣ ಬಳಿದದ್ದು ಅಷ್ಟೆ ಅಂತ ತುಂಬ ಜನ ಹೇಳುತ್ತಿದ್ದರು. ಹಳೇ ವಿಂಡೋಸ್ 3.1ಕ್ಕೆ ಆ ಮಾತು ಹೆಚ್ಚು ಕಡಿಮೆ ಸರಿ. ಅದರಲ್ಲಿ ಮೊದಲು ಡಾಸ್ ಬರುತ್ತಿತ್ತು, ನಾವು 'ವಿನ್' ಅಂತ ಟೈಪ್ ಮಾಡಿದರೆ ವಿಂಡೋಸ್. 98ರಲ್ಲೂ ಮೊದಲು ಏಳುವುದು ಡಾಸೇ, 7.1. ಆದರೆ ವಿಂಡೋಸ್ ಒಳಗೆ ಕಾಲಿಟ್ಟ ಮೇಲೆ ಡಿಸ್ಕು, ಮೆಮೊರಿ ಎಲ್ಲ ತಾನೇ ನೋಡಿಕೊಳ್ಳುತ್ತದೆ, ಹಳೇ 16 ಬಿಟ್ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಂ) ಏನಾದರೂ ಅಡ್ಡ ಬಂದರೆ ಮಾತ್ರ ಡಾಸ್ ಕಡೆ ತಿರುಗುತ್ತದೆ.

ನನಗೆ ಬೇಕಾದದ್ದು ಆ ಮೊದಲ ಬಾಗಿಲು. ನಮ್ಮ ಬಿಲ್ಲಿನ ಪ್ರೋಗ್ರಾಂ ಡಾಸ್‌ನದ್ದು. ವಿಂಡೋಸ್ ಒಳಗಿಂದ ಪ್ರಿಂಟ್ ಕೊಟ್ಟರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಯೋಚನೆ ಮಾಡುತ್ತಾ ಕೂರುತ್ತಿತ್ತು, ಬರೀ ಡಾಸ್‌ನಲ್ಲಿ ಕೊಟ್ಟರೆ ಆ ಕ್ಷಣಕ್ಕೇ ಕರ್‌ರ್ ಅಂತ ಶುರು. ಹಾಗಾಗಿ ಎಂಎಸ್‌ಡಾಸ್.ಸಿಸ್ ಫೈಲಿನಲ್ಲಿ, ವಿಂಡೋಸ್ ತಾನಾಗಿ ಏಳಬೇಕೋ ಬೇಡವೋ ಅಂತ ಹೇಳುವ ಬೂಟ್‌ಜಿಯುಐ ಎದುರಿದ್ದ 1 ಅಳಿಸಿ 0 ಹಾಕಿದೆ. ಬೆಳಿಗ್ಗೆ ಆನ್ ಮಾಡಿದರೆ ಸೀದಾ ಕಪ್ಪು ಪರದೆ. ಮೌಸ್ ಮುಟ್ಟದ ಅಪ್ಪನಿಗೆ ಅದೇ ಖುಷಿ.

ಒಂದು ಮಳೆಗಾಲ ಕರೆಂಟು ಹೋಗಿ ಬಂದು ಮಾಡಿ ಮಿಷನ್ ಏಳಲೇ ಇಲ್ಲ. ರಿಪೇರಿಯವರು ಬಂದು ತಮ್ಮ ಡಾಸ್ 6.22 ಫ್ಲಾಪಿ ಹಾಕಿದರು, ಸಿ ಡ್ರೈವ್ ಕಾಣಲಿಲ್ಲ, ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ ಅಂದರು. ನಾಲ್ಕು ವರ್ಷದ ಸಾಲದ ಲೆಕ್ಕ ಅದರಲ್ಲಿತ್ತು ಮಾರಾಯ್ರೆ! ಹೋಗಿದ್ದದ್ದು ಡಿಸ್ಕಲ್ಲ. ನಮ್ಮ ಡಿಸ್ಕಿನಲ್ಲಿ ಫೈಲು ಜೋಡಿಸಿಟ್ಟ ಕ್ರಮ ಫ್ಯಾಟ್32, ಡಾಸ್ 6.22ಕ್ಕೆ ಅದು ಓದಲು ಬರುವುದಿಲ್ಲ. 98ರದ್ದೇ ಸ್ಟಾರ್ಟಪ್ ಫ್ಲಾಪಿ ಹುಡುಕಿ ಹಾಕಿದೆ (ನಮ್ಮೂರ ತೇವಕ್ಕೆ ಫ್ಲಾಪಿಗೂ ಬೂಷ್ಟು ಹಿಡಿಯುತ್ತದೆ, ಅದು ಹೇಗೋ ಉಳಿದಿತ್ತು). ಎಲ್ಲ ಫೈಲೂ ಇದ್ದವು. ಡಾಸ್ ಅಂದರೆ ಎಲ್ಲ ಒಂದೇ ಅಂದುಕೊಂಡರೆ ಹೀಗೇ ಆಗುವುದು.

ಅದಕ್ಕೂ ಹಿಂದೆ ವಿಂಡೋಸ್ 95 ಇದ್ದ ಮಿಷನ್‌ನಲ್ಲಿ ಇನ್ನೊಂದು ತಮಾಷೆ. 'ಈಗ ಆಫ್ ಮಾಡಬಹುದು' ಅಂತ ಕೇಸರಿ ಅಕ್ಷರ ಬರುತ್ತದಲ್ಲ, ಅದು ಸುಮ್ನೆ ಚಿತ್ರ. ಅದರ ಹಿಂದೆ ಡಾಸ್ ಎಚ್ಚರವೇ ಇರುತ್ತದೆ. 'ಮೋಡ್ ಸಿಒ80' ಅಂತ ಕುರುಡಾಗಿ ಟೈಪ್ ಮಾಡಿ ಎಂಟರ್ ಒತ್ತಿದರೆ ಡಾಸ್ ಮತ್ತೆ ಕಾಣುತ್ತದೆ.

ಬೈಯಲಿಕ್ಕೂ ಇದೆ. ವಿಂಡೋಸ್ ಕೈಕೊಟ್ಟಾಗ ಬರುವ ನೀಲಿ ಪರದೆ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಕರೆಂಟು ಹೋದಾಗಲೆಲ್ಲ ಡಿಸ್ಕು ತಪಾಸಣೆ ಮಾಡುವ ಸ್ಕ್ಯಾನ್‌ಡಿಸ್ಕ್, ಗಿರಾಕಿ ಎದುರಿಗೆ ನಿಂತಿರುತ್ತಾರೆ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ.

2008ರಲ್ಲಿ ಎಕ್ಸ್‌ಪಿ ತಂದೆವು. ಅದು ಎನ್‌ಟಿ ವಂಶದ್ದು (ಮೈಕ್ರೋಸಾಫ್ಟ್ ಬೇರೆಯಾಗಿ ಕಟ್ಟಿದ ವಿಂಡೋಸ್), ಅಡಿಯಲ್ಲಿ ಡಾಸ್ ಇಲ್ಲವೇ ಇಲ್ಲ. ಅದರಲ್ಲಿ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ನೋಡಲು ಡಾಸ್ ತರಹ, ಅಷ್ಟೆ. ಹಳೇ ಪ್ರೋಗ್ರಾಂ ಓಡಿಸಲು ಒಳಗೊಂದು ನಕಲಿ ಡಾಸ್ ಕಟ್ಟಿಕೊಳ್ಳುತ್ತದೆ. ಅಪ್ಪನಿಗೆ ಏನೂ ಹೇಳದೆ ಆಲ್ಟ್ ಎಂಟರ್ ಒತ್ತಿ ಪೂರ್ತಿ ಪರದೆ ಮಾಡಿಕೊಟ್ಟೆ. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಪ್ರಿಂಟರ್ ನೋಡುತ್ತಾ ಕೇಳಿದರು: "ಬಿಲ್ಲು ಎಂತಕೆ ತಡ ಬರ್ತದೆ ಮಾರಾಯ?"