ಪೋಲೋ ಜಿಟಿಗೆ ನಾಲ್ಕು ಬಗೆಯ ಸಸ್ಪೆನ್ಷನ್: ಹಾಸನದ ಶೆಡ್‌ನಲ್ಲಿ ಹಾಕಿ, ಚಾರ್ಮಾಡಿಯಲ್ಲಿ ಓಡಿಸಿ ನೋಡಿದ್ದು

ಫೋಕ್ಸ್‌ವ್ಯಾಗನ್ ಕಂಪನಿಯ ಪೋಲೋ ಜಿಟಿ ಟಿಎಸ್‌ಐ ಇಟ್ಟುಕೊಂಡವರು ಮೊದಲು ಕೈ ಹಾಕುವುದು ಎಂಜಿನ್‌ಗೆ. ರೀಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು), ಗಾಳಿ ಎಳೆಯುವ ಇಂಟೇಕ್, ಹೊಗೆ ಬಿಡುವ ಡೌನ್‌ಪೈಪ್. 1.2 ಲೀಟರ್ ಟರ್ಬೊ ಎಂಜಿನ್ ಕಂಪನಿಯಿಂದ ಬರುವಾಗಲೇ 105 ಪಿಎಸ್, 175 ನ್ಯೂಟನ್ ಮೀಟರ್ ಕೊಡುತ್ತದೆ. ಸುಮಾರು 1,100 ಕೆಜಿ ತೂಗುವ ಕಾರಿಗೆ ಅದೇನೂ ಕಮ್ಮಿ ಅಲ್ಲ. ಕಮ್ಮಿ ಬೀಳುವುದು ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್. ಈ ಕಾರು ನಮ್ಮ ಮಾರುಕಟ್ಟೆಗೆ ಬಂದದ್ದು 2013ರಲ್ಲಿ, ಪೋಲೋ ಮಾರಾಟವೇ ನಿಂತದ್ದು 2022ರಲ್ಲಿ. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಹಳೇ ಜಿಟಿಗಳಲ್ಲಿ ಶಾಕ್‌ಗಳು ಅರ್ಧ ಸತ್ತಿರುತ್ತವೆ. ಓಡಿಸುವವರಿಗೆ ಗೊತ್ತೇ ಆಗಿರಲ್ಲ. ಶಾಕ್ ಒಂದೇ ದಿನ ಹಾಳಾಗುವುದಿಲ್ಲ, ನಿಧಾನಕ್ಕೆ ಹೋಗುತ್ತದೆ. ನಾವೂ ಹಾಗೇ ಒಗ್ಗಿಕೊಳ್ಳುತ್ತೇವೆ.

ನಾನು ನಾಲ್ಕು ಬಗೆ ಹಾಕಿ ನೋಡಿದೆ. ಹೊಸ ಸ್ಟಾಕ್ ಶಾಕ್, ಅಂದರೆ ಕಂಪನಿಯಿಂದ ಬರುವಂಥದ್ದೇ. ಸ್ಟಾಕ್ ಶಾಕ್ ಮೇಲೆ ಗಿಡ್ಡ ಸ್ಪ್ರಿಂಗ್. ಕಾಯಿಲೋವರ್, ಅಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್. ಕೊನೆಗೆ ಸ್ಟಾಕ್ ಸ್ಪ್ರಿಂಗ್ ಜೊತೆ ಮೋನೋಟ್ಯೂಬ್ (ಒಂದೇ ಕೊಳವೆಯ) ಗ್ಯಾಸ್ ಶಾಕ್. ಟೈರ್ ಅವೇ, ಗಾಳಿಯ ಒತ್ತಡ ಅಷ್ಟೇ, ಪ್ರತಿ ಸಲವೂ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ದಾರಿಯೂ ಒಂದೇ: ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ವಾಪಸ್ ಹತ್ತುವುದು. ನುಣುಪು ಟಾರು, ತೇಪೆ ಹಾಕಿದ ಟಾರು, ಊರೂರಿಗೆ ಹಂಪ್, ಘಾಟಿಯ ತಿರುವು, ಎಲ್ಲವೂ ಇದರಲ್ಲೇ ಸಿಗುತ್ತವೆ.

ಅಳೆಯೋದಕ್ಕೆ ಒಂದು ಅಗ್ಗದ ಉಪಾಯವಿದೆ. ಶಾಕ್‌ನ ರಬ್ಬರ್ ಬೂಟ್ ಮೇಲೆತ್ತಿ, ರಾಡ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಕೆಳಗೆ ಇಳಿಸಿಡಿ. ಶಾಕ್ ಕುಗ್ಗಿದಾಗ ಟೈ ಮೇಲಕ್ಕೆ ಜರುಗುತ್ತದೆ, ಅಲ್ಲೇ ನಿಲ್ಲುತ್ತದೆ. ಮನೆಗೆ ಬಂದು ನೋಡಿದರೆ ಚಕ್ರ ಎಷ್ಟು ದೂರ ಮೇಲೆದ್ದಿತ್ತು ಅಂತ ಕಣ್ಣಿಗೇ ಕಾಣುತ್ತದೆ. 'ರೈಡ್ ಚೆನ್ನಾಗಿದೆ ಮಚ್ಚಾ' ಅನ್ನೋ ಮಾತಿಗಿಂತ ಇದನ್ನು ನಂಬಬಹುದು.

ಹೊಸ ಸ್ಟಾಕ್ ಶಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಕಿ ಓಡಿಸಿದ ಕೂಡಲೇ ಕಾರು ಮತ್ತೆ ಜರ್ಮನ್ ಕಾರಿನ ಹಾಗೆ ಕೂರುತ್ತದೆ. ಹಂಪ್ ದಾಟಿದ ಮೇಲೆ ಒಂದೇ ಸಲ ಎದ್ದು ನಿಲ್ಲುತ್ತದೆ, ಎರಡನೇ ಕುಣಿತ ಇಲ್ಲ. ಜೊತೆಗೆ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡು) ಹೊಸದು ಹಾಕಿ. ಅವನ್ನು ಹಳೆಯದೇ ಉಳಿಸಿದರೆ ಸ್ಟೇರಿಂಗ್ ತಿರುಗಿಸಿದಾಗ ಟಕ್ ಟಕ್ ಸದ್ದು ಹಾಗೇ ಇರುತ್ತದೆ. ರೀಮ್ಯಾಪ್ ಇಲ್ಲದ, ಸುಮ್ನೆ ಆಫೀಸು-ಊರು ಓಡಾಡುವ ಕಾರಿಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಬೇಕಾಗಿಲ್ಲ.

ಗಿಡ್ಡ ಸ್ಪ್ರಿಂಗ್ ವಿಷಯಕ್ಕೆ ಬರೋಣ. ಎಲ್ಲರಿಗೂ ಬೇಕಿರುವುದು ಇದೇ. ಅಗ್ಗ, ಬೇಗ ಆಗುತ್ತದೆ, ಮತ್ತೆ ನಿಜ ಹೇಳಬೇಕೆಂದರೆ ಕಾರು ಬಹಳ ಚೆಂದ ಕಾಣುತ್ತದೆ. ನಾನು ಹಾಕಿದ್ದು 35 ಮಿಮೀ ಇಳಿಸುವ ಸೆಟ್. ನುಣುಪು ಟಾರಿನಲ್ಲಿ, ಬೇಲೂರು ರಸ್ತೆಯ ಉದ್ದನೆಯ ತಿರುವುಗಳಲ್ಲಿ ಮೊದಲಿಗೆ ಖುಷಿಯಾಯಿತು. ಸ್ಟೇರಿಂಗ್ ತಿರುಗಿಸಿದರೆ ಮೂತಿ ತಕ್ಷಣ ಒಳಗೆ ಹೋಗುತ್ತದೆ. ಮೂಡಿಗೆರೆ ದಾಟಿದ ಮೇಲೆ ಅಸಲಿ ಬಣ್ಣ ಗೊತ್ತಾಗುವುದು. ತೇಪೆಯ ಮೇಲೆ ಕಾರು ಕುಣಿಯಲು ಶುರು ಮಾಡುತ್ತದೆ. ಕಾರಣ ಸರಳ: ಸ್ಪ್ರಿಂಗ್ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಶಾಕ್. ಗಿಡ್ಡ ಸ್ಪ್ರಿಂಗ್ ಸ್ಟಾಕ್‌ಗಿಂತ ಗಟ್ಟಿ, ಹೆಚ್ಚು ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಸ್ಟಾಕ್ ಶಾಕ್‌ಗೆ ಇಲ್ಲ.

ಕೇಬಲ್ ಟೈ ಬೇರೆ ಕತೆ ಹೇಳಿತು. ಅದು ಬಂಪ್ ಸ್ಟಾಪ್‌ನ ತನಕ ಹೋಗಿ ಜಜ್ಜಿ ಹೋಗಿತ್ತು. ಹೊಸ ಬಂಪ್ ಸ್ಟಾಪ್‌ನ ಅಂಚು ಅಷ್ಟರಲ್ಲೇ ಮಿರಿಮಿರಿ ಸವೆದಿತ್ತು. ಅಂದರೆ ಕಾರು ಅರ್ಧ ದಾರಿ ಸ್ಪ್ರಿಂಗ್ ಮೇಲಲ್ಲ, ಆ ರಬ್ಬರ್ ತುಂಡಿನ ಮೇಲೆ ಓಡುತ್ತಿತ್ತು. ತಿರುವಿನ ನಡುವೆ ಹೊರಗಿನ ಚಕ್ರದ ಶಾಕ್ ಅದಕ್ಕೆ ತಾಗಿದರೆ ಆ ಮೂಲೆ ಒಮ್ಮೆಗೇ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಟೈರ್ ಹಿಡಿತ ಬಿಡುತ್ತದೆ. ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಇದು ತಮಾಷೆಯ ವಿಷಯ ಅಲ್ಲ.

ಇನ್ನೊಂದು ಸಂಗತಿ ಹೇಳಿದರೆ ಬಹಳ ಜನ ನಂಬುವುದಿಲ್ಲ. ಪೋಲೋದ ಹಾಗೆ ಮುಂದೆ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಒಂದೇ ಕಂಬ) ಇರುವ ಕಾರನ್ನು ಜಾಸ್ತಿ ಇಳಿಸಿದರೆ ಅದು ತಿರುವಿನಲ್ಲಿ ಹೆಚ್ಚು ವಾಲಲು ನೋಡುತ್ತದೆ. ಕಾರು ಇಳಿದಂತೆ, ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ತೋಳಿನ (ಲೋಯರ್ ಆರ್ಮ್) ಚಕ್ರದ ಕಡೆಯ ತುದಿ ಮೇಲಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚಿದಷ್ಟೂ ವಾಲಿಸುವ ಬಲ ಹೆಚ್ಚು. ಆ ವಾಲುವಿಕೆಯನ್ನು ಮುಚ್ಚಿಡುವುದು ಗಟ್ಟಿ ಸ್ಪ್ರಿಂಗ್, ಇಳಿದ ಎತ್ತರ ಅಲ್ಲ.

ಹಂಪ್‌ಗಳ ಮಾತು ಬೇರೆ ಹೇಳಬೇಕಾ? ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥ ಹಂಪನ್ನು ಗಂಟೆಗೆ 25 ಕಿಮೀ ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗೆ ಈ ಅಳತೆ ಯಾರೂ ತೋರಿಸಿರುವುದಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕಿ ನಾಲ್ಕು ಜನ ಕೂತರೆ ಹೊಟ್ಟೆ ಉಜ್ಜುವುದು ಗ್ಯಾರಂಟಿ.

ಕಾಯಿಲೋವರ್‌ನಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಒಂದಕ್ಕೊಂದು ಹೊಂದುವ ಹಾಗೆ ಬರುತ್ತವೆ. ಆ ಮಟ್ಟಿಗೆ ಗಿಡ್ಡ ಸ್ಪ್ರಿಂಗ್‌ಗಿಂತ ಎಷ್ಟೋ ವಾಸಿ. ಮುಂದಿನ ಸ್ಪ್ರಿಂಗ್ ಮೇಲೆ 6 ಕೆಜಿ ಎಂದು ಬರೆದಿತ್ತು. ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು ಆರು ಕೆಜಿ ಭಾರ ಬೇಕು. ಸ್ಟಾಕ್‌ಗಿಂತ ಬಹಳ ಗಟ್ಟಿ. ಪೋಲೋದ ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ) ಇರುವುದರಿಂದ ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಹಿಂದೆ ನಿಜವಾದ ಕಾಯಿಲೋವರ್ ಬರುವುದಿಲ್ಲ, ಸ್ಪ್ರಿಂಗ್ ಕೆಳಗೆ ಎತ್ತರ ಹೊಂದಿಸುವ ಒಂದು ತಿರುಪು ಬಟ್ಟಲು ಬರುತ್ತದೆ. ನುಣುಪು ರಸ್ತೆಯಲ್ಲಿ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ, ಅದರಲ್ಲಿ ಎರಡು ಮಾತಿಲ್ಲ. ಬ್ರೇಕ್ ಹಾಕಿದರೆ ಮೂತಿ ಮುಳುಗುವುದಿಲ್ಲ, ಸತತ ಎಡ-ಬಲ ತಿರುವಿನಲ್ಲಿ ಕಾರು ಒಂದು ಕ್ಷಣವೂ ತಡ ಮಾಡುವುದಿಲ್ಲ.

ಆದರೆ ತೇಪೆ ರಸ್ತೆಯಲ್ಲಿ ಚಕ್ರ ನೆಲಕ್ಕಿಂತ ಗಾಳಿಯಲ್ಲೇ ಜಾಸ್ತಿ ಹೊತ್ತು ಇರುತ್ತದೆ ಅನಿಸುತ್ತದೆ. ಟರ್ಬೊ ಎಳೆತ ಬಂದಾಗ ಒಳಗಿನ ಚಕ್ರ ಸುತ್ತುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿಣುಕುತ್ತದೆ. ಶಾಕ್‌ನ ಬಿಗಿ ಹೊಂದಿಸುವ ಡ್ಯಾಂಪಿಂಗ್ ನಾಬನ್ನು ಪೂರ್ತಿ ಮೆತ್ತಗೆ ಮಾಡಿದರೂ ಸ್ಪ್ರಿಂಗ್ ಗಟ್ಟಿಯಾಗೇ ಉಳಿಯಿತಲ್ಲ. ಮೇಲೆ ಮಳೆಗಾಲದ ಕೆಸರು ತಿರುಪಿನ ಸುತ್ತುಗಳಲ್ಲಿ ಕೂತು ಎತ್ತರ ಹೊಂದಿಸುವ ರಿಂಗ್ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬ್ರಷ್ ಹಾಕಿ ತೊಳೆದು ಗ್ರೀಸ್ ಹಚ್ಚುವ ತಾಳ್ಮೆ ಇದ್ದವರಿಗೆ ಮಾತ್ರ ಇದು. ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ಗೆ ಹೋಗುವವರಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಎತ್ತರ ಬದಲಿಸುವ ಮುನ್ನ ಕಾನೂನನ್ನೂ ನೆನಪಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಕೆಳಗೆ ಬಗ್ಗಿ ನೋಡುತ್ತಾರೆ, ಅಷ್ಟು ಸಾಕು.

ಈಗ ನನ್ನ ಕಾರಿನಲ್ಲಿ ಉಳಿದಿರುವುದು ನಾಲ್ಕನೆಯದು. ಸ್ಟಾಕ್ ಸ್ಪ್ರಿಂಗ್, ಸ್ಟಾಕ್ ಎತ್ತರ, ಮೋನೋಟ್ಯೂಬ್ ಶಾಕ್. ಸಾಮಾನ್ಯ ಟ್ವಿನ್ ಟ್ಯೂಬ್ (ಒಂದರೊಳಗೊಂದು ಎರಡು ಕೊಳವೆಯ) ಶಾಕ್‌ನಲ್ಲಿ ಎಣ್ಣೆಯೂ ಗ್ಯಾಸೂ ಒಂದೇ ಜಾಗದಲ್ಲಿರುತ್ತವೆ. ಘಾಟಿಯಲ್ಲಿ ಜೋರಾಗಿ ದುಡಿದಾಗ ಎಣ್ಣೆ ನೊರೆಯೆದ್ದು ಹಿಡಿತ ಸಡಿಲವಾಗುತ್ತದೆ. ಮೋನೋಟ್ಯೂಬ್‌ನಲ್ಲಿ ನಡುವೆ ತೇಲುವ ಪಿಸ್ಟನ್ ಇದ್ದು ಎರಡನ್ನೂ ಬೇರೆ ಇಡುತ್ತದೆ. ಒಂದೇ ಗೋಡೆ ಆದ್ದರಿಂದ ಬಿಸಿಯೂ ಬೇಗ ಹೊರಗೆ ಹೋಗುತ್ತದೆ. ಪೆಟ್ಟಿಗೆಯಿಂದ ತೆಗೆದು, ರಾಡನ್ನು ಒತ್ತಿ ಕಟ್ಟಿದ ಪಟ್ಟಿ ಕತ್ತರಿಸಿದರೆ ರಾಡ್ ತಾನಾಗಿಯೇ ಹೊರಗೆ ಬರುತ್ತದೆ. ಮತ್ತೆ ಒಳಗೆ ತಳ್ಳಲು ಮೈಭಾರ ಪೂರ್ತಿ ಹಾಕಬೇಕು.

ಕೊಟ್ಟಿಗೆಹಾರದಿಂದ ಕೆಳಗೆ ಇದರ ಆಟ ನೋಡಬೇಕು. ಕಾರು ಸ್ವಲ್ಪ ವಾಲುತ್ತದೆ, ಆದರೆ ಹದವಾಗಿ ವಾಲಿ ಅಲ್ಲೇ ನಿಲ್ಲುತ್ತದೆ. ತಿರುವಿನ ನಡುವೆ ಗುಂಡಿ ಬಂದರೂ ಗೆರೆ ತಪ್ಪುವುದಿಲ್ಲ. ಕೇಬಲ್ ಟೈ ಬಂಪ್ ಸ್ಟಾಪ್‌ಗಿಂತ ಎರಡು ಬೆರಳು ಕೆಳಗೇ ನಿಂತಿತ್ತು. ಕಾಯಿಲೋವರ್‌ಗಿಂತ ನುಣುಪು ರಸ್ತೆಯಲ್ಲಿ ಒಂದು ಕೈ ಹಿಂದೆ, ಉಳಿದೆಲ್ಲ ಕಡೆ ಮುಂದೆ. ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಓಡುವ ರ್‍ಯಾಲಿ ಕಾರುಗಳನ್ನು ನೋಡಿ. ಅವು ನೆಲಕ್ಕೆ ಅಂಟಿಕೊಂಡಿರುವುದಿಲ್ಲ, ಎತ್ತರಕ್ಕೆ ನಿಂತಿರುತ್ತವೆ. ಕೆಟ್ಟ ರಸ್ತೆಯಲ್ಲಿ ವೇಗ ಸಿಗುವುದು ಚಕ್ರ ಮೇಲೆ ಕೆಳಗೆ ಆಡುವ ಜಾಗದಿಂದ. ಬೆಂಗಳೂರು-ಹಾಸನ ಹೆದ್ದಾರಿ ಬಿಟ್ಟು ಒಳಗೆ ಬಂದರೆ ನಮ್ಮದೂ ರ್‍ಯಾಲಿಯೇ ಅಲ್ವಾ?

ಎರಡು ಕೊರತೆ ಹೇಳಲೇಬೇಕು. ನಿಧಾನ ವೇಗದಲ್ಲಿ, ಸಣ್ಣ ಜಲ್ಲಿ ದಾರಿಯಲ್ಲಿ ಸ್ಟಾಕ್‌ಗಿಂತ ಒರಟು. ಹಿಂದೆ ಕೂತ ಅಮ್ಮನಿಗೆ ಅದು ಗೊತ್ತಾಗುತ್ತದೆ, ಹೇಳುತ್ತಾರೆ ಕೂಡ. ಬೆಲೆ ಸ್ಟಾಕ್ ಸೆಟ್‌ನ ಎರಡು ಪಟ್ಟಿಗೂ ಜಾಸ್ತಿ. ಕೊಳ್ಳುವಾಗ ಯಾವ ಸ್ಪ್ರಿಂಗ್‌ಗೆ ಮಾಡಿದ್ದು ಅಂತ ನೋಡಿ. ಬಿಲ್‌ಸ್ಟೀನ್ ಕಂಪನಿಯ ಶಾಕ್‌ಗಳಲ್ಲಿ ಬಿ6 ಸ್ಟಾಕ್ ಎತ್ತರಕ್ಕೆ, ಬಿ8 ಇಳಿಸಿದ ಕಾರಿಗೆ. ಗಿಡ್ಡ ಸ್ಪ್ರಿಂಗ್ ಬೇಕೇ ಬೇಕು ಅನ್ನುವವರು ಬಿ8 ಜಾತಿಯ ಶಾಕ್ ಜೊತೆಗೇ ಹಾಕಲಿ.

ಮನೆಯಲ್ಲಿ ಮಾಡುವವರಿಗೆ ಕೆಲಸದ ವಿಷಯ. ಹಿಂಭಾಗ ಸುಲಭ. ಮುಂದಿನ ಸ್ಟ್ರಟ್ ಚಕ್ರದ ಹಬ್‌ನ ಸೀಳಿನೊಳಗೆ ಕೂತಿರುತ್ತದೆ. ಆ ಸೀಳು ಅಗಲಿಸುವ ಸಣ್ಣ ಟೂಲ್ ಇಲ್ಲದೆ ಸುತ್ತಿಗೆ ಹಿಡಿಯಬೇಡಿ, ಸ್ಕ್ರೂಡ್ರೈವರ್ ತುರುಕಬೇಡಿ. ಬಿಚ್ಚುವ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಮೇಲಿನ ನಟ್ ಬಿಚ್ಚುವಾಗ ರಾಡ್ ತಿರುಗದ ಹಾಗೆ ಅಲೆನ್ ಕೀಲಿ ಹಿಡಿದಿರಬೇಕು. ಒತ್ತಿ ಹಿಡಿದ ಸ್ಪ್ರಿಂಗ್ ತಪ್ಪಿಸಿಕೊಂಡರೆ ಮುಖ ಉಳಿಯುವುದಿಲ್ಲ. ಅಗ್ಗದ ಕೊಕ್ಕೆ ಕಂಪ್ರೆಸರ್ ಬದಲು ಸ್ಪ್ರಿಂಗ್ ಕುಗ್ಗಿಸುವ ಕೆಲಸವನ್ನಷ್ಟೇ ಗ್ಯಾರೇಜ್‌ನಲ್ಲಿ ಮಾಡಿಸಿಕೊಂಡು ಬರುವುದು ನನ್ನ ಪದ್ಧತಿ. ಜಾಕಿ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಕೈ ಹಾಕುವುದೇ ಬೇಡ, ಜಾಕ್ ಸ್ಟ್ಯಾಂಡ್ ಇರಲಿ.

ಹಿಂದಿನ ಶಾಕ್‌ನ ರಬ್ಬರ್ ಬುಷ್ ಇರುವ ಬೋಲ್ಟನ್ನು ಕಾರು ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬೇಡಿ. ಚಕ್ರ ನೆಲಕ್ಕೆ ಇಳಿಸಿ, ಕಾರಿನ ಭಾರ ಕೂತ ಮೇಲೆ ಬಿಗಿಯಿರಿ. ಇಲ್ಲವಾದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ವೀಲ್ ಬೋಲ್ಟ್‌ಗೆ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲಿ. ಅಲೈನ್‌ಮೆಂಟನ್ನು ಅದೇ ದಿನ ಮಾಡಿಸಬೇಡಿ, ಸ್ವಲ್ಪ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಮಾಡಿಸಿ.