‘ಚೆನ್ನಾಗಿದೆ’ ಅಂದರೆ ‘ಯಾವುದು?’ ಅಂತ ಕೇಳುವ ಮೇಜು

ಹೊಗಳಿಸಿಕೊಳ್ಳುವ ಆಸೆಯಿಂದ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಹೆಣೆದದ್ದನ್ನು ತಂದಿಟ್ಟು ಉಳಿದವರ ಮಾತು ಕೇಳಲೆಂದು ನಮ್ಮ ಹೆಣಿಗೆ ಬಳಗದವರು ತಿಂಗಳಿಗೊಮ್ಮೆ ಹಾಕುವ ಅಭಿಪ್ರಾಯದ ಮೇಜು ನಿಮಗಲ್ಲ. ಅಲ್ಲಿ ಯಾರಾದರೂ ಬಾಯಿತಪ್ಪಿ ‘ಸೂಪರ್’ ಅಂದರೆ ನಡೆಸಿಕೊಡುವವರು ತಕ್ಷಣ ‘ಯಾವುದು?’ ಅನ್ನುತ್ತಾರೆ. ‘ಎಲ್ಲಾನೂ’ ಅಂತ ಜಾರಿಕೊಳ್ಳುವಂತಿಲ್ಲ, ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಮುಂದಿನವರ ಸರದಿ. ಮೊದಲ ಸಲ ನೋಡಿದಾಗ ಇದೇನು ಪರೀಕ್ಷೆಯ ಕೊಠಡಿಯೋ ಅನ್ನಿಸಿತ್ತು. ಈಗ ಬೇರೆ ಕಡೆ ಯಾರಾದರೂ ನನ್ನ ಸ್ವೆಟರ್ ನೋಡಿ ‘ವಾವ್’ ಅಂದರೆ ನನಗೇ ‘ಯಾವುದು?’ ಅಂತ ಕೇಳಬೇಕೆನಿಸುತ್ತದೆ. ಕೇಳಿದ್ದೂ ಉಂಟು. ಪಾಪ, ಅವರು ಮತ್ತೆ ವಾವ್ ಅಂದಿಲ್ಲ.

ಕೆಲಸ ತಂದವರು ಮೊದಲು ಒಂದು ಚೀಟಿ ತುಂಬಬೇಕು. ನೂಲು ಯಾವುದು, ಕಡ್ಡಿ ಎಷ್ಟು ಮಿಲಿಮೀಟರಿನದು, ಪ್ಯಾಟರ್ನ್ ನೋಡಿ ಹೆಣೆದದ್ದೋ ಸ್ವಂತದ್ದೋ, ಇವೆಲ್ಲ ಮಾಮೂಲು. ಕೆಳಗೆ ಇನ್ನೆರಡು ಸಾಲು ಇವೆ, ಇಡೀ ಸೇವೆಯ ಜೀವ ಇರುವುದು ಅಲ್ಲೇ: ‘ಯಾವುದರ ಬಗ್ಗೆ ಹೇಳಬೇಕು?’ ಮತ್ತು ‘ಯಾವುದರ ಬಗ್ಗೆ ಬೇಡ?’. ಮೊದಲನೆಯದಕ್ಕೆ ಹೊಸಬರು ‘ಹೇಗಿದೆ ಹೇಳಿ’ ಅಂತ ಬರೆದುಕೊಟ್ಟರೆ ಚೀಟಿ ವಾಪಸ್ ಬರುತ್ತದೆ. ‘ಎಡ ತೋಳಿನ ಹೊಲಿಗೆ ಎದ್ದು ಕಾಣುತ್ತಾ?’ ಅಂತಲೋ, ‘ಕಾಲುಚೀಲದ ಹಿಮ್ಮಡಿ ಹತ್ತಿರ ತೂತು ಬೀಳೋದು ಯಾಕೆ?’ ಅಂತಲೋ ಬರೆದಾಗಲೇ ಅದು ಮೇಜಿಗೆ ಹೋಗುವುದು. ಎರಡನೆಯ ಸಾಲನ್ನು ಜನ ಖುಷಿಯಿಂದ ತುಂಬುತ್ತಾರೆ. ಒಬ್ಬರು ‘ಬಣ್ಣದ ಬಗ್ಗೆ ಒಂದು ಮಾತೂ ಬೇಡ, ಮಗ ಆರಿಸಿದ್ದು’ ಅಂತ ಬರೆದಿದ್ದರು. ಆ ಕಿತ್ತಳೆ-ನೇರಳೆ ಟೋಪಿಯ ಮುಂದೆ ಅಷ್ಟೂ ಜನ ಬಾಯಿ ಬಿಗಿಹಿಡಿದು ಕೂತು ಅದರ ನೆತ್ತಿಯಲ್ಲಿ ಕುಣಿಕೆ ಕಡಿಮೆ ಮಾಡುತ್ತ ಹೋದ ರೀತಿಯನ್ನು ಮಾತ್ರ ಚರ್ಚಿಸಿದ್ದು ನನ್ನ ಮಟ್ಟಿಗೆ ಈ ಬಳಗದ ದೊಡ್ಡ ಸಾಧನೆ.

ಈ ಕ್ರಮ ಹೆಣಿಗೆಯವರು ಹುಟ್ಟುಹಾಕಿದ್ದಲ್ಲ, ನೃತ್ಯದಿಂದ ಬಂದದ್ದು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ‘ಕ್ರಿಟಿಕಲ್ ರೆಸ್ಪಾನ್ಸ್ ಪ್ರಾಸೆಸ್’ನ ನಾಲ್ಕು ಹಂತಗಳನ್ನು ಬಳಗದವರು ತಮಗೆ ಬೇಕಾದಂತೆ ಸಡಿಲಿಸಿಕೊಂಡಿದ್ದಾರೆ. ನೋಡಿದವರು ತಮ್ಮ ಕಣ್ಣಿಗೆ ಏನು ಬಿತ್ತು, ಏನು ಮನಸ್ಸಿನಲ್ಲಿ ಉಳಿಯಿತು ಅಂತ ಮೊದಲು ಹೇಳುತ್ತಾರೆ. ಆಮೇಲೆ ಮಾಡಿದವರು ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಮಾಡಿದವರನ್ನು ಕೇಳಬೇಕು, ಆದರೆ ಪ್ರಶ್ನೆಯೊಳಗೆ ತೀರ್ಪು ಅಡಗಿರಬಾರದು. ಕೊನೆಗೆ, ‘ಕುತ್ತಿಗೆಪಟ್ಟಿಯ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?’ ಅಂತ ಅನುಮತಿ ಕೇಳಿ, ಅವರು ಹೂಂ ಅಂದರೆ ಮಾತ್ರ ಹೇಳುವುದು. ಬೇಡ ಅನ್ನುವ ಹಕ್ಕು ಮಾಡಿದವರಿಗೆ ಪೂರ್ತಿ ಇದೆ.

ಮೂರನೆಯ ಹಂತದಲ್ಲಿ ಎಲ್ಲರೂ ಎಡವುತ್ತಾರೆ. ‘ಕುತ್ತಿಗೆ ಯಾಕೆ ಇಷ್ಟು ಬಿಗಿ ಮಾಡಿದ್ರಿ?’ ಅಂದರೆ ಅದು ಬೈಗುಳ, ಪ್ರಶ್ನೆಯ ವೇಷ ಹಾಕಿ ಬಂದಿದೆ ಅಷ್ಟೆ. ‘ತಲೆ ತೂರಿಸುವಾಗ ಇದು ಎಷ್ಟು ಹಿಗ್ಗಬೇಕು ಅಂದ್ಕೊಂಡಿದ್ರಿ?’ ಅಂದರೆ ಹೆಣೆದವರು ಯೋಚನೆಗೆ ಬೀಳುತ್ತಾರೆ, ಅನೇಕ ಸಲ ಉತ್ತರವೂ ಅವರಿಂದಲೇ ಬರುತ್ತದೆ. ಎರಡರ ನಡುವಿನ ಅಂತರ ಕೇಳಿದ ತಕ್ಷಣ ಗೊತ್ತಾಗುತ್ತದೆ, ಹೇಳುವಾಗ ಮಾತ್ರ ಗೊತ್ತಾಗುವುದೇ ಇಲ್ಲ. ನಡೆಸಿಕೊಡುವವರು ಇಲ್ಲಿ ನಿಜವಾಗಿ ಪಳಗಿದ ಕೈ. ತಪ್ಪು ಪ್ರಶ್ನೆಯನ್ನು ಅರ್ಧದಲ್ಲೇ ಹಿಡಿದು, ಕೇಳಿದವರ ಮುಖ ಬಾಡದ ಹಾಗೆ ತಿರುಗಿಸಿ ಕೇಳಿಸುತ್ತಾರೆ.

ಮೇಜಿನ ಬೆಲೆ ನನಗೆ ಗೊತ್ತಾಗಿದ್ದು ಒಬ್ಬ ಹುಡುಗ ತಂದ ಮಫ್ಲರಿನಿಂದ. ಕಾಲೇಜಿಗೆ ಹೋಗುವ ವಯಸ್ಸು, ಮೊದಲ ಹೆಣಿಗೆ, ಬೂದು ಬಣ್ಣದ ಅಕ್ರಿಲಿಕ್. ಒಂದು ಸಾಲು ನಿಟ್ (ಸೀದಾ ಹೆಣಿಗೆ), ಒಂದು ಸಾಲು ಪರ್ಲ್ (ಉಲ್ಟಾ ಹೆಣಿಗೆ), ಹಾಗೇ ಕೊನೆಯವರೆಗೆ. ಮಫ್ಲರ್ ಎರಡೂ ಬದಿಯಿಂದ ಸುರುಳಿ ಸುತ್ತಿಕೊಂಡು ಕೊಳವೆಯ ಹಾಗಾಗಿತ್ತು. ಮನೆಯಲ್ಲಿ ಒಬ್ಬರು ಕೈ ಬಿಗಿಯಾಯ್ತು ಅಂದಿದ್ದರಂತೆ, ಇನ್ನೊಬ್ಬರು ಇಸ್ತ್ರಿ ಹೊಡಿ ಅಂದಿದ್ದರಂತೆ. ಚೀಟಿಯಲ್ಲಿ ‘ನನ್ನ ಕೈಯಲ್ಲಿ ಏನು ತಪ್ಪು?’ ಅಂತ ಬರೆದುಕೊಂಡು ಬಂದಿದ್ದ.

ಒಬ್ಬರು ಮಫ್ಲರನ್ನು ಬಿಡಿಸಿ ಹರಡಿ, ಅಂಚನ್ನು ಬೆರಳಲ್ಲಿ ಒತ್ತಿ ಬಿಟ್ಟರು. ಅದು ಮತ್ತೆ ಸುತ್ತಿಕೊಂಡಿತು. ‘ಮೇಲೆ-ಕೆಳಗಿನ ಅಂಚು ಯಾವ ಕಡೆಗೆ ಮಡಚ್ತಾ ಇದೆ ನೋಡು, ಪಕ್ಕದ್ದು ಯಾವ ಕಡೆಗೆ?’ ಅಂದರು. ಮೇಲೆ-ಕೆಳಗಿನವು ಮುಂಭಾಗಕ್ಕೆ, ಪಕ್ಕದವು ಹಿಂಭಾಗಕ್ಕೆ. ಯಾರೇ ಹೆಣೆದರೂ, ಎಷ್ಟೇ ಸಮನಾಗಿ ಹೆಣೆದರೂ ಆ ಬಗೆಯ ಬಟ್ಟೆ ಹೀಗೇ ಸುತ್ತಿಕೊಳ್ಳುತ್ತದೆ, ಕುಣಿಕೆಗಳ ರಚನೆಯೇ ಹಾಗಿದೆ. ನೆಟ್ಟಗೆ ಕೂರಬೇಕೆಂದರೆ ಸುತ್ತಲೂ ನಾಲ್ಕೈದು ಕುಣಿಕೆ ಅಗಲದ ಬೇರೆ ಅಂಚನ್ನು ಶುರುವಿನಲ್ಲೇ ಯೋಜಿಸಬೇಕು. ಎರಡೂ ಕಡೆ ಒಂದೇ ರೀತಿ ಕಾಣುವ ಗಾರ್ಟರ್ ಅಂಚು ಸುಲಭ. ಇನ್ನು ಇಸ್ತ್ರಿಯ ಸಲಹೆ. ಉಣ್ಣೆಯಾದರೆ ಒದ್ದೆ ಮಾಡಿ ಪಿನ್ ಹಾಕಿ ಒಣಗಿಸಿದಾಗ ಆಕಾರ ಒಂದಿಷ್ಟು ಕೂರುತ್ತದೆ, ಅಕ್ರಿಲಿಕ್ ನೀರಿಗೆ ಅಷ್ಟು ಬಗ್ಗುವುದಿಲ್ಲ. ಜೋರಾಗಿ ಹಬೆ ಕೊಟ್ಟರೆ ಮಟ್ಟಸವಾಗುತ್ತದೆ ನಿಜ, ಆದರೆ ನೂಲಿನ ಪುಟಿತ ಹೋಗಿ ಜೋಲು ಬೀಳುತ್ತದೆ, ಮತ್ತೆ ಬರುವುದಿಲ್ಲ.

ಅವನ ಕೈಯಲ್ಲಿ ತಪ್ಪೇನೂ ಇರಲಿಲ್ಲ. ಹಾಗಂತ ಬರೀ ‘ಪರವಾಗಿಲ್ಲ ಕಣೋ, ಚೆನ್ನಾಗೇ ಇದೆ’ ಅಂದು ಕಳಿಸಿದ್ದರೆ ಅವನು ಇನ್ನೊಂದು ಕೊಳವೆ ಹೆಣೆಯುತ್ತಿದ್ದ. ‘ಕೈ ಬಿಗಿ’ ಅಂದಿದ್ದರೆ ಬಹುಶಃ ಕಡ್ಡಿಯನ್ನೇ ಎತ್ತಿಡುತ್ತಿದ್ದ. ಈ ಮಫ್ಲರಿಗೆ ಈಗ ಏನು ಮಾಡಬಹುದು (ಅಂಚಿಗೆ ಕ್ರೋಶಾ ಹಾಕಿದರೆ ಸುರುಳಿ ಸ್ವಲ್ಪ ತಗ್ಗುತ್ತದೆ), ಮುಂದಿನದರಲ್ಲಿ ಏನು ಬದಲಿಸಬೇಕು, ಎರಡನ್ನೂ ಬೇರೆ ಬೇರೆ ಮಾಡಿ ಹೇಳಿದರು. ನಾನು ನೋಡಿದ ಬೇರೆ ಹವ್ಯಾಸಿ ಗುಂಪುಗಳಲ್ಲಿ ಈ ವಿಂಗಡಣೆಯೇ ಇರುವುದಿಲ್ಲ.

ಮೇಜಿನ ಇನ್ನೊಂದು ಒಳ್ಳೆಯ ಗುಣ ಅಳತೆ. ಸ್ಕೇಲು, ಟೇಪು ಯಾವಾಗಲೂ ಅಲ್ಲೇ ಬಿದ್ದಿರುತ್ತವೆ. ಒಬ್ಬರು ತಮ್ಮ ಸ್ವೆಟರಿನ ಭುಜ ಜೋತುಬೀಳುತ್ತದೆ, ತೋಳು ಬಿಚ್ಚಿ ಮತ್ತೆ ಜೋಡಿಸಲಾ ಅಂತ ಕೇಳಿದ್ದರು. ಯಾರೋ ಸುಮ್ಮನೆ ಬೆನ್ನಿನ ಮೇಲೆ ಸ್ಕೇಲ್ ಇಟ್ಟು ಎಣಿಸಿದರು. ಪ್ಯಾಟರ್ನಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ, ಬಟ್ಟೆಯಲ್ಲಿ ಇದ್ದದ್ದು 20. ಎದೆಸುತ್ತಿಗೆ 220 ಕುಣಿಕೆ ಅಂದರೆ ಪ್ಯಾಟರ್ನ್ ಪ್ರಕಾರ 100 ಸೆಂಟಿಮೀಟರ್ ಬರಬೇಕಿತ್ತು, ಇಲ್ಲಿ 110 ಆಗಿತ್ತು. ಹತ್ತು ಸೆಂಟಿಮೀಟರ್ ಹೆಚ್ಚುವರಿ ಅಗಲ ಭುಜದಿಂದ ಇಳಿಯದೆ ಎಲ್ಲಿಗೆ ಹೋಗಬೇಕು? ತೋಳು ಬಿಚ್ಚುವ ಕೆಲಸ ತಪ್ಪಿತು. ಸಣ್ಣ ಕಡ್ಡಿಯಲ್ಲಿ ಮಾದರಿ ತುಂಡು ಹೆಣೆದು, ಅದನ್ನು ತೊಳೆದು ಒಣಗಿಸಿ, ಆಮೇಲೆ ಅಳೆಯಿರಿ ಅಂತ ಸಲಹೆ ಸಿಕ್ಕಿತು. ‘ನೀವು ಸಡಿಲ ಹೆಣೀತೀರಿ’ ಅನ್ನುವ ಮಾತು ಒಮ್ಮೆಯೂ ಬರಲಿಲ್ಲ. ಮೇಜಿನಲ್ಲಿ ಮಾತೆಲ್ಲ ಬಟ್ಟೆಯ ಬಗ್ಗೆಯೇ ಇರಬೇಕು ಅನ್ನುವುದು ಬರೆಯದ ನಿಯಮ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಪ್ರತಿಕ್ರಿಯೆ ಕೊಟ್ಟರೆ ಕೆಲಸ ಸುಧಾರಿಸುತ್ತದೆಯೇ ಎಂಬ ಬಗ್ಗೆ ನಡೆದ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದರು. ಸರಾಸರಿ ನೋಡಿದರೆ ಲಾಭವೇ, ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನೂ ಕೆಟ್ಟಿತ್ತು. ಮಾಡಿದವರ ಗಮನ ಕೆಲಸದಿಂದ ತಮ್ಮ ಮೇಲೆಯೇ ತಿರುಗಿದಷ್ಟೂ ಪ್ರತಿಕ್ರಿಯೆಯ ಉಪಯೋಗ ಕುಗ್ಗುತ್ತದೆ ಅಂತ ಅವರ ವಾದ. ಹೊಗಳಿಕೆಯೂ ಹೀಗೆ ಗಮನ ತಿರುಗಿಸಬಲ್ಲದು ಅನ್ನುವುದನ್ನು ‘ಪ್ರೋತ್ಸಾಹ ಕೊಡಬೇಕು ಕಣ್ರೀ’ ಅನ್ನುವ ನನ್ನ ಸ್ನೇಹಿತೆಯರು ಒಪ್ಪುವುದಿಲ್ಲ. ಬೇಡ ಬಿಡಿ.

ಇನ್ನು ನನ್ನ ತಕರಾರುಗಳು. ಬೆಳಕು ಸಾಲದು. ಕಡುನೀಲಿ, ಕಪ್ಪು ನೂಲಿನ ಕೆಲಸ ತಂದರೆ ಕುಣಿಕೆ ಕಾಣದೆ ಅಂದಾಜಿನಲ್ಲಿ ಮಾತಾಡುತ್ತಾರೆ. ಕೊನೆಗೆ ಉಳಿದ ಕೆಲಸಗಳಿಗೆ ಗಡಿಬಿಡಿಯ ಎರಡು ಮಾತು ಸಿಗುತ್ತದೆ, ಆದ್ದರಿಂದ ಬೇಗ ಹೋಗಿ ಚೀಟಿ ಕೊಡುವುದು ಒಳ್ಳೆಯದು. ಕಸೂತಿ ತಂದವರಿಗೆ ಇಲ್ಲಿ ಹೆಚ್ಚೇನೂ ದಕ್ಕುವುದಿಲ್ಲ, ಹೆಣಿಗೆಯವರೇ ತುಂಬಿದ್ದಾರೆ.

ಹಿರಿಯ ಸದಸ್ಯೆಯೊಬ್ಬರ ಕಾಟವೂ ಇದೆ. ನಾನು ಒಂದು ಶಾಲು ತಂದು ಅದರ ಮೂಲೆಗಳು ಚೂಪಾಗಿ ಕೂತಿವೆಯೇ ಅಂತ ಮಾತ್ರ ಕೇಳಿದ್ದೆ. ಅವರು ಅನುಮತಿ ಕೇಳುವ ಹಂತವನ್ನು ಹಾರಿ, ತಾವಾದರೆ ನೂಲು ಯಾವುದು ತೆಗೆದುಕೊಳ್ಳುತ್ತಿದ್ದೆ, ಅಂಚು ಹೇಗೆ ಹಾಕುತ್ತಿದ್ದೆ, ಮಧ್ಯದ ಎಲೆ ವಿನ್ಯಾಸದ ಬದಲು ಏನು ಮಾಡುತ್ತಿದ್ದೆ ಅಂತ ಉದ್ದಕ್ಕೂ ಹೇಳುತ್ತ ಹೋದರು. ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಇದ್ದದ್ದು ನನ್ನ ಶಾಲು, ಚರ್ಚೆಯಾಗಿದ್ದು ಅವರ ಶಾಲು. ಅವರಿಗೆ ಗೊತ್ತಿರುವುದು ಅಪಾರ, ಅದರಲ್ಲಿ ಅನುಮಾನವಿಲ್ಲ. ಹೊಸಬರನ್ನು ಅಷ್ಟು ಚಂದ ತಿದ್ದುವ ನಡೆಸಿಕೊಡುವವರು ಹಿರಿಯರ ಮುಂದೆ ಮಾತ್ರ ಮೆತ್ತಗಾಗುತ್ತಾರೆ. ಈ ಮೇಜಿಗೆ ಐದಕ್ಕೆ ಅಂಕ ಕೊಡುವಾಗ ಅರ್ಧ ಅಂಕ ಇದಕ್ಕೇ ಕಳೆದಿದ್ದೇನೆ.

ಇನ್ನರ್ಧ ಕಳೆದದ್ದು ನಿಯಮವೊಂದಕ್ಕೆ. ಮುಗಿದ ಕೆಲಸಗಳನ್ನು ಮಾತ್ರ ತರಬೇಕಂತೆ. ಚಿತ್ರ ಬರೆಯುವವರಿಗೆ ಇದು ನಡೆದೀತು. ಅಮೆರಿಕದ ಶಿಕ್ಷಕ ರಾನ್ ಬರ್ಗರ್ ತೋರಿಸುವ ಒಂದು ಪ್ರಸಿದ್ಧ ಉದಾಹರಣೆಯಲ್ಲಿ, ಒಂದನೇ ತರಗತಿಯ ಹುಡುಗನೊಬ್ಬ ಸಹಪಾಠಿಗಳ ಮಾತು ಕೇಳಿಕೊಂಡು ಚಿಟ್ಟೆಯ ಚಿತ್ರವನ್ನು ಮತ್ತೆ ಮತ್ತೆ ಬರೆದು ಆರನೆಯ ಕರಡಿನ ಹೊತ್ತಿಗೆ ಬೆರಗಾಗುವಷ್ಟು ಚೆನ್ನಾಗಿ ತಂದಿದ್ದಾನೆ. ಅವನಿಗೆ ಪ್ರತಿ ಸಲ ಹೊಸ ಹಾಳೆ ಸಿಕ್ಕಿತು. ನಮಗೆ ಹೊಸ ಹಾಳೆ ಅಂದರೆ ಮೊಣಕೈವರೆಗೆ ಬಂದ ತೋಳನ್ನು ಪೂರ್ತಿ ಬಿಚ್ಚುವುದು. ಉದಾಹರಣೆಗೆ, ಸ್ವೆಟರಿನ ಮುಂದಿನ ಗುಂಡಿಪಟ್ಟಿ ಹೆಣೆಯಲು ಅಂಚಿನಿಂದ ಹೊಸ ಕುಣಿಕೆ ಎತ್ತುವಾಗ ಪ್ರತಿ ಸಾಲಿಗೂ ಒಂದೊಂದು ಎತ್ತಿದರೆ ಪಟ್ಟಿ ಅಲೆಯಲೆಯಾಗುತ್ತದೆ. ಕುಣಿಕೆಯ ಅಗಲ ಸಾಲಿನ ಎತ್ತರಕ್ಕಿಂತ ಹೆಚ್ಚು, ಆದ್ದರಿಂದ ಸಾಮಾನ್ಯವಾಗಿ ನಾಲ್ಕು ಸಾಲಿಗೆ ಮೂರು ಸಾಕು. ಈ ಮಾತು ಪಟ್ಟಿ ಶುರುಮಾಡುವ ದಿನ ಸಿಕ್ಕರೆ ಕೆಲಸಕ್ಕೆ ಬರುತ್ತದೆ. ಪಟ್ಟಿ ಮುಗಿದು, ಗುಂಡಿ ಹೊಲಿದು, ತೊಳೆದು ಒಣಗಿಸಿ ಮೇಜಿಗೆ ತಂದ ಮೇಲೆ ಸಿಕ್ಕರೆ ಹೊಟ್ಟೆ ಉರಿಯುತ್ತದೆ. ಹೇಳಿದವರ ಮೇಲೆ ಸಿಟ್ಟು ಬರುವುದೂ ಆಗಲೇ. ನಮ್ಮಲ್ಲಿ ಟೀಕೆಗೆ ಜನ ಮುನಿಸಿಕೊಳ್ಳುತ್ತಾರೆ ಅನ್ನುವ ದೂರಿನಲ್ಲಿ ಅರ್ಧಕ್ಕರ್ಧ ಬರೀ ಹೊತ್ತು ಮೀರಿ ಬಂದ ಟೀಕೆಯ ಕಥೆ ಅಂತ ನನ್ನ ಬಲವಾದ ಗುಮಾನಿ.

ಅರ್ಧ ಹೆಣೆದದ್ದನ್ನೂ ಸೇರಿಸಿಕೊಳ್ಳಿ ಅಂತ ಬರೆದುಕೊಟ್ಟಿದ್ದೇನೆ. ‘ನೋಡೋಣ’ ಅಂದಿದ್ದಾರೆ.

ಅಲ್ಲಿಯವರೆಗೆ ಹೋಗುವವರಿಗೆ ಒಂದು ಉಪಾಯ. ನೂಲಿನುಂಡೆಯ ಲೇಬಲ್ ಬಿಸಾಡದೆ ಜೊತೆಗೆ ತನ್ನಿ, ಯಾವ ನೂಲು ಅಂತ ಊಹಿಸುವುದರಲ್ಲೇ ಸಮಯ ಹೋಗುವುದು ತಪ್ಪುತ್ತದೆ. ಸ್ವೆಟರ್ ಶುರು ಮಾಡುವ ಮೊದಲೇ ಅಂಗೈಗಿಂತ ಕೊಂಚ ದೊಡ್ಡ ಮಾದರಿ ತುಂಡನ್ನು ಹೆಣೆಯಿರಿ. ಒಂದು ಬದಿಗೆ ನಿಮ್ಮ ಗುಂಡಿಪಟ್ಟಿಯನ್ನೂ ಜೋಡಿಸಿ, ಕೊನೆಯ ಕುಣಿಕೆ ಮುಚ್ಚಿ, ದಾರದ ತುದಿಗಳನ್ನು ಒಳಗೆ ಸೇರಿಸಿ ಚೀಟಿಯ ಜೊತೆ ಇಟ್ಟುಬಿಡಿ. ಯಾರಾದರೂ ಆಕ್ಷೇಪಿಸಿದರೆ, ಇದು ಮುಗಿದ ಕೆಲಸವೇ, ಚಿಕ್ಕದು ಅಷ್ಟೆ ಅನ್ನಿ. ನಾನು ಹಾಗೇ ಅಂದೆ, ಚೀಟಿ ತೆಗೆದುಕೊಂಡರು.